ತಮಟೆ ಏಟಿನ ತಲೆ ಕಡಿದವರು

ಗಟ್ಟಿಯಾಗಿ ಮಾತಾಡುವವರನ್ನು ಕಂಡರೆ ಈ ನಾಡಿನ ಸಭ್ಯರಿಗೆ ಮೊದಲಿಂದಲೂ ಆಗಿಬರುವುದಿಲ್ಲ. ನಾವು ಬರೆದರೆ ಅಬ್ಬರ, ಹಾಡಿದರೆ ಅರಚಾಟ, ಬಾರಿಸಿದರೆ ಗದ್ದಲ. ಅವರ ಹಜಾರದಲ್ಲಿ ವೀಣೆ ಮೆಲ್ಲಗೆ ನುಡಿದರೆ ಅದು ಮಾತ್ರ ಸೂಕ್ಷ್ಮ. ಹೀಗಾಗಿ 'ಸೌಂಡು ಕಮ್ಮಿ ಮಾಡ್ರಿ' ಅಂತ ಯಾರಾದರೂ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಯಾರು ಹೇಳ್ತಿದ್ದಾರೆ, ಯಾರಿಗೆ ಹೇಳ್ತಿದ್ದಾರೆ ಅಂತ ಮೊದಲು ನೋಡುತ್ತೇನೆ. ಇಷ್ಟು ಹೇಳಿಕೊಂಡು ಈಗ ನಾನೇ ಅದೇ ಮಾತು ಆಡಬೇಕಾಗಿ ಬಂದಿದೆ. ಯಾಕೆ ಅಂತ ಸ್ವಲ್ಪ ತಾಳ್ಮೆಯಿಂದ ಕೇಳಿ.

೨೦೧೯ರಲ್ಲಿ ನಮ್ಮ ಕೇರಿಯ ಹುಡುಗರು ತಂಡದ ಎಂಟು ಹಾಡು ರೆಕಾರ್ಡ್ ಮಾಡಿಸಬೇಕು ಅಂತ ಹೊರಟರು. ದುಡ್ಡು ಅಂದರೆ ಊರೂರು ತಿರುಗಿ ಬಾರಿಸಿ ತಂದದ್ದು, ನನ್ನಂಥ ನಾಲ್ಕು ಜನ ಮೇಷ್ಟ್ರುಗಳು ಸಂಬಳದ ದಿನ ಕೈಯೆತ್ತಿ ಕೊಟ್ಟದ್ದು. ಬೆಂಗಳೂರಿನಲ್ಲಿ ಒಂದು ಸ್ಟುಡಿಯೋ, ಎರಡು ದಿನದ ಬಾಡಿಗೆ. ತಮಟೆ ಕಾಯಿಸದೆ ಬಾರಿಸೋ ಹಾಗಿಲ್ಲ. ಏಸಿ ಕೋಣೆಯೊಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಚರ್ಮ ಸಡಿಲ. ಹಾಡಿಗೊಂದು ಸಲ ಹೊರಗೆ ಬಂದು ಫುಟ್‌ಪಾತಿನಲ್ಲಿ ರದ್ದಿ ಪೇಪರಿಗೆ ಬೆಂಕಿ ಇಟ್ಟು ಕಾಯಿಸಿಕೊಂಡು ಒಳಕ್ಕೆ ಓಡೋದು. ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ನು ಬಂದು ಗದರಿದ. ಯಾವೂರು ಏನು ಅಂತ ಮಾತಾಯಿತು. ನಮ್ಮ ಕಡೆಯವನೇ. ಆಮೇಲೆ ಅವನೇ ಉರಿ ಹಾಕೋದಕ್ಕೆ ಒಂದು ರಟ್ಟಿನ ಡಬ್ಬ ತಂದುಕೊಟ್ಟ. ಈಗ ಫೈಬರ್ ತಮಟೆ ಬಂದಿದೆ, ಕಾಯಿಸೋ ರಗಳೆ ಇಲ್ಲ. ಆದರೆ ನಮ್ಮ ದೊಡ್ಡಪ್ಪ ಅದನ್ನು ಮುಟ್ಟೋದಿಲ್ಲ. ಅವರಿಗೆ ಆಗಲೇ ಎಪ್ಪತ್ತೈದು ದಾಟಿತ್ತು.

ಆ ಎಂಟರಲ್ಲಿ ಒಂದು ಹಾಡಿನ ಬಗ್ಗೆ ಹೇಳಬೇಕು. ಮೊದಲ ಎರಡು ಸಾಲು ನಮ್ಮ ದೊಡ್ಡವ್ವ ಒಬ್ಬಳೇ ಹೇಳ್ತಾಳೆ. ಸತ್ತವರ ಮುಂದೆ ಕೂತು ಹೇಳೋ ದನಿ ಅದು, ಹೆಚ್ಚುಕಮ್ಮಿ ಉಸಿರಲ್ಲೇ ಹೇಳೋದು. ಎರಡನೇ ಸಾಲು ಮುಗಿಯುತ್ತದೆ, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಹತ್ತು ತಮಟೆ ಒಂದೇ ಸಲ. ಬಯಲಲ್ಲಿ ಇದನ್ನು ಕೇಳಿದವರು ಬೆಚ್ಚಿ ಬಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಕೆಳದನಿಗೂ ಆ ಏಟಿಗೂ ನಡುವೆ ಇರೋ ದೂರದಲ್ಲೇ ಆ ಹಾಡು ಇರೋದು. ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿದ ದಿನ ಕೇಳಿಸಿದರು, ಅಲ್ಲೂ ಬೆಚ್ಚಿದೆವು. ದೊಡ್ಡಪ್ಪ ಬೀಡಿ ಹಚ್ಚಲು ಹೊರಗೆ ಹೋದರು. ಅಂದರೆ ಒಪ್ಪಿಗೆ ಅಂತ ಅರ್ಥ.

ಹದಿನೈದು ದಿನ ಬಿಟ್ಟು 'ಮಾಸ್ಟರ್ ಆಗಿದೆ ಸಾರ್' ಅಂತ ಫೋನಿಗೆ ಬಂತು. ಅಣ್ಣನ ಮಗ ಕುಣಿದಾಡಿಬಿಟ್ಟ. 'ನೋಡು ಚಿಕ್ಕಪ್ಪ, ಹೆಂಗೈತೆ! ಸಿನಿಮಾ ಹಾಡಿನ ಸಮ ಹೊಡೀತೈತೆ.' ಹೌದು, ಫೋನು ಗಡಗಡ ಅಂತಿತ್ತು. ದೊಡ್ಡಪ್ಪ ಜಗುಲಿ ಮೇಲೆ ಕೂತು ಪೂರ್ತಿ ಕೇಳಿದರು. ಕೇಳಿ, 'ಇದು ಬಾರಿಸಿದೋನು ನಾನಲ್ಲ ಕಣ್ಲಾ' ಅಂದರು. ಅಲ್ಲ ತಾತ, ನೀನೇ, ವೀಡಿಯೋ ಐತೆ ನೋಡು ಅಂತ ಇವನು. 'ಏಟು ಬಿದ್ದೈತೆ ಬುಡು. ಕೈ ಕಾಣಾಕಿಲ್ಲ' ಅಂದರು. ದೊಡ್ಡವ್ವನಿಗೆ ಬೇರೆ ತಕರಾರು: 'ನಾನ್ ಯಾಕ್ಲಾ ಹಿಂಗ್ ಕಿರುಚ್ಕೊಂಡಿವ್ನಿ?' ಅವಳು ಕಿರುಚಿರಲಿಲ್ಲ. ಅವಳ ಉಸಿರನ್ನು ಹತ್ತು ತಮಟೆಯ ಎತ್ತರಕ್ಕೆ ಎತ್ತಿ ನಿಲ್ಲಿಸಿದ್ದರು.

ಇದು ಹೇಗಾಯ್ತು ಅಂತ ತಿಳಿಯಲು ಹೊರಟು ನಾನು ಒಂದೆರಡು ವರ್ಷ ಇದರ ಹಿಂದೆ ಬಿದ್ದೆ. ವಿಜ್ಞಾನದ ಮೇಷ್ಟ್ರು ನಾನು, ಡೆಸಿಬಲ್ ಅಂದರೆ ಹೆದರುವವನಲ್ಲ. ನನ್ನಂತೆ ಹಳ್ಳಿ ಶಾಲೆಗಳಲ್ಲಿ ಇರುವವರಿಗೆ, ಹಾಡು ಕಟ್ಟುವ ಹುಡುಗರಿಗೆ ಉಪಯೋಗ ಆಗಲಿ ಅಂತ ತಿಳಿದಷ್ಟು ಬರೆಯುತ್ತಿದ್ದೇನೆ.

ಹಾಡನ್ನು ಬೇರೆ ಬೇರೆ ಮೈಕಿನಲ್ಲಿ ಹಿಡಿದು ಒಂದಕ್ಕೊಂದು ಹದವಾಗಿ ಬೆರೆಸೋದು ಮಿಕ್ಸಿಂಗ್. ಬೆರೆಸಿ ಆದ ಮೇಲೆ ಕೊನೆಯ ಸಲ ತಿದ್ದಿ ತೀಡಿ ಹೊರಗೆ ಕಳಿಸೋದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಗ್ರಾಮಾಫೋನ್ ಕಾಲದಲ್ಲಿ ಇದು ತಟ್ಟೆಯ ಮೇಲೆ ಗೀರು ಕೊರೆಯುವವನ ಕೆಲಸ. ಸದ್ದು ಜೋರಾದರೆ ಗೀರು ಅಗಲವಾಗಿ ಓಲಾಡುತ್ತದೆ, ಜಾಗ ಹೆಚ್ಚು ತಿನ್ನುತ್ತದೆ, ಹಾಡಿನ ಸಮಯ ಕಡಿಮೆಯಾಗುತ್ತದೆ. ಮಿತಿಮೀರಿದರೆ ಮುಳ್ಳು ಗೀರಿನಿಂದಲೇ ಹಾರಿಬಿಡುತ್ತದೆ. ಅಂದರೆ ದುರಾಸೆಗೆ ಆ ವಸ್ತುವೇ ಒಂದು ಕಡಿವಾಣ ಹಾಕಿತ್ತು. ಆದರೂ ಆಸೆ ಆಗಲೂ ಇತ್ತು. ಅಮೆರಿಕದ ಹೋಟೆಲು ಬಾರುಗಳಲ್ಲಿ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಯ ವಾಲ್ಯೂಮ್ ಒಂದೇ ಕಡೆ ನಿಂತಿರುತ್ತದೆ. ಆದ್ದರಿಂದ ಯಾವ ರೆಕಾರ್ಡನ್ನು ಗಟ್ಟಿಯಾಗಿ ಕೊರೆದಿದೆಯೋ ಅದು ಪಕ್ಕದ್ದಕ್ಕಿಂತ ಎದ್ದು ಕೇಳುತ್ತಿತ್ತು. ಕಂಪನಿಗಳ ಪೈಪೋಟಿ ಅಲ್ಲೇ ಶುರು. ಆಮೇಲೆ ರೇಡಿಯೋ ಸ್ಟೇಷನ್ನುಗಳು ತಮ್ಮ ತಮ್ಮಲ್ಲೇ ಇದೇ ಜಿದ್ದಿಗೆ ಬಿದ್ದವು.

ನಮ್ಮ ಕ್ಯಾಸೆಟ್ಟಿನ ಕಾಲವನ್ನೂ ಇಲ್ಲಿ ನೆನೆಯಬೇಕು. ಎಂಬತ್ತರ ದಶಕದಲ್ಲಿ ಹಾಸ್ಟೆಲಿನಲ್ಲಿದ್ದಾಗ ಒಬ್ಬರ ಕ್ಯಾಸೆಟ್ಟಿನಿಂದ ಇನ್ನೊಬ್ಬರದ್ದಕ್ಕೆ, ಅದರಿಂದ ಮತ್ತೊಬ್ಬರದ್ದಕ್ಕೆ ಹಾಡು ಇಳಿಸಿಕೊಳ್ಳುತ್ತಿದ್ದೆವು. ಟೇಪಿಗೆ ತನ್ನದೇ ಒಂದು 'ಸ್ಸ್' ಅನ್ನೋ ಸದ್ದಿದೆ. ಮೆಲ್ಲಗೆ ತುಂಬಿದರೆ ಹಾಡು ಅದರೊಳಗೆ ಮುಳುಗಿ ಹೋಗುತ್ತದೆ. ಪ್ರತಿ ನಕಲಿಗೂ ಆ ಸದ್ದು ಬೆಳೆಯುತ್ತದೆ. ಆದ್ದರಿಂದ ಮುಳ್ಳು ಕೆಂಪು ಗೆರೆ ಮುಟ್ಟುವಷ್ಟು ಗಟ್ಟಿಯಾಗಿ ತುಂಬುತ್ತಿದ್ದೆವು. ಅದಕ್ಕೆ ನ್ಯಾಯವಾದ ಕಾರಣ ಇತ್ತು. ಟೇಪೂ ಅಷ್ಟೇ, ಜಾಸ್ತಿಯಾದರೆ ಒಂದೇ ಸಲ ಕಡಿಯೋದಿಲ್ಲ, ಮೆತ್ತಗೆ ಒತ್ತುತ್ತದೆ.

೧೯೮೨ರಲ್ಲಿ ಸಿ.ಡಿ. ಬಂತು. ಸಿ.ಡಿ.ಯಲ್ಲಿ ಸದ್ದು ಅಂದರೆ ಬರೀ ಅಂಕಿ. ಸೆಕೆಂಡಿಗೆ ೪೪,೧೦೦ ಸಲ ಅಲೆಯ ಎತ್ತರ ಅಳೆದು ಬರೆದುಕೊಳ್ಳುತ್ತದೆ. ಮೇಲಕ್ಕೆ ೩೨,೭೬೭, ಕೆಳಕ್ಕೆ ೩೨,೭೬೮, ಅದರಾಚೆಗೆ ಅಂಕಿ ಇಲ್ಲ. ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ ಸುಮಾರು ೯೬ ಡೆಸಿಬಲ್ ಅಂತರ ಅದರಲ್ಲಿ ಹಿಡಿಸುತ್ತದೆ. ಕ್ಯಾಸೆಟ್ಟಿನ ಕನಸಿಗೂ ನಿಲುಕದ ಜಾಗ. ದೊಡ್ಡವ್ವನ ಉಸಿರೂ ಇರಬಹುದು, ಹತ್ತು ತಮಟೆಯೂ ಇರಬಹುದು, ನಡುವೆ 'ಸ್ಸ್' ಇಲ್ಲ. ಮೊದಲ ಹತ್ತು ವರ್ಷ ಹೆಚ್ಚಿನವರು ಇದನ್ನು ಮರ್ಯಾದೆಯಾಗಿಯೇ ಬಳಸಿದರು. ಆಮೇಲೆ, ೧೯೯೦ರ ದಶಕದ ನಡುವಿಗೆ, ಕಂಪ್ಯೂಟರಿನಲ್ಲಿ ಹೊಸ ಬಗೆಯ ಲಿಮಿಟರ್‌ಗಳು ಬಂದವು. ಮುಂದೆ ಬರೋ ಏಟನ್ನು ಮೊದಲೇ ನೋಡಿಕೊಂಡು, ಅದು ಮೇಲೇಳುವಷ್ಟರಲ್ಲಿ ತಲೆ ಅದುಮಿಬಿಡುವ ಯಂತ್ರ ಅದು.

ಇದನ್ನು ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತೇನೆ. ಒಂದು ಗುಡಿಸಲು. ಸೂರು ಇದ್ದಲ್ಲೇ ಇದೆ, ಎತ್ತರಿಸೋ ಹಾಗಿಲ್ಲ. ನೀವು ಒಳಗೆ ಮಣ್ಣು ಸುರಿದು ನೆಲ ಏರಿಸುತ್ತಾ ಹೋಗ್ತೀರಿ. ಕೂತವರು, ಮಲಗಿದವರು ಎಲ್ಲಾ ಮೇಲೇರಿದರು. ಸರಿ, ನಿಂತವರ ಗತಿ? ಬಗ್ಗಬೇಕು. ಇನ್ನೂ ಮಣ್ಣು ಸುರಿದರೆ ನಿಂತವರೂ ಕೂತವರೂ ಒಂದೇ ಎತ್ತರ. ಹೊರಗಿನವನಿಗೆ ಗುಡಿಸಲು ತುಂಬಿ ತುಳುಕುತ್ತಿದೆ ಅನ್ನಿಸುತ್ತದೆ. ಒಳಗೆ ಯಾರೂ ನೆಟ್ಟಗೆ ನಿಂತಿಲ್ಲ.

ತಮಟೆಗೆ ಇದು ಮಾರಿ. ತಮಟೆಯ ಏಟು ಅಂದರೆ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಎದ್ದು ನಿಲ್ಲುವ ಚೂಪು. ಗಿಡ್ಡ ಕಡ್ಡಿಯ ಏಟಿಗೂ ಉದ್ದನೆಯ ತೆಳು ಕಡ್ಡಿಯ ಏಟಿಗೂ ಇರುವ ವ್ಯತ್ಯಾಸ, ಚರ್ಮ ಎಷ್ಟು ಕಾದಿದೆ ಅನ್ನೋದು, ಬಾರಿಸುವವನ ಮಣಿಕಟ್ಟಿನ ಸೊಕ್ಕು, ಎಲ್ಲವೂ ಆ ಚೂಪಿನಲ್ಲೇ ಇದೆ. ಆಮೇಲೆ ಉಳಿಯೋದು ಬರೀ ಗುಂಯ್. ಲಿಮಿಟರ್ ಕಡಿಯೋದು ಆ ಚೂಪನ್ನೇ. ದೊಡ್ಡಪ್ಪ 'ಕೈ ಕಾಣಾಕಿಲ್ಲ' ಅಂದದ್ದು ಸುಮ್ಮನೆ ಮುದುಕರ ಗೊಣಗಾಟ ಅಲ್ಲ. ಕಂಪ್ಯೂಟರಿನಲ್ಲಿ ಎರಡೂ ಪ್ರತಿಯ ಅಲೆ ತೆಗೆದು ನೋಡಿದೆ. ಮಿಕ್ಸಿನದು ಜಾಲಿ ಬೇಲಿಯ ಹಾಗೆ ಮುಳ್ಳು ಮುಳ್ಳು. ಮಾಸ್ಟರಿನದು ಸಿಮೆಂಟ್ ಕಾಂಪೌಂಡು.

ಇದರಲ್ಲಿ ನಾವೇ ಮೊದಲಿಗರಲ್ಲ, ದುಡ್ಡಿದ್ದವರಿಗೂ ಇದೇ ಆಗಿದೆ. ಇಂಗ್ಲೆಂಡಿನ ಓಯಸಿಸ್ ತಂಡ ೧೯೯೫ರಲ್ಲಿ ತಂದ ಆಲ್ಬಂ ಗಟ್ಟಿತನದಲ್ಲಿ ಮಿಕ್ಕವರಿಗೆ ಪಂಥ ಒಡ್ಡಿತು ಅನ್ನುತ್ತಾರೆ. ೧೯೯೯ರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ 'ಕ್ಯಾಲಿಫೋರ್ನಿಕೇಷನ್' ಬಂದಾಗ ಸದ್ದು ಒಡೆದು ಕೇಳುತ್ತಿದೆ ಅಂತ ಕೇಳುಗರೇ ದೂರಿದರು. ಎಲ್ಲಕ್ಕಿಂತ ದೊಡ್ಡ ಗಲಾಟೆ ೨೦೦೮ರ ಸೆಪ್ಟೆಂಬರಿನದು. ಅಮೆರಿಕದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್'. ಅದೇ ಹಾಡುಗಳು 'ಗಿಟಾರ್ ಹೀರೋ' ಅನ್ನೋ ವೀಡಿಯೋ ಆಟದಲ್ಲೂ ಬಂದವು. ಆಟಕ್ಕೆ ವಾದ್ಯಗಳನ್ನು ಬಿಡಿಬಿಡಿಯಾಗಿ ಕೊಡಬೇಕು, ಹಾಗಾಗಿ ಆ ಕೊನೆಯ ಅದುಮಾಟ ಅದರಲ್ಲಿ ಇರಲಿಲ್ಲ. ಹುಡುಗರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಬಿಟ್ಟರು. ಕಾಸು ಕೊಟ್ಟು ತಂದ ಸಿ.ಡಿ.ಗಿಂತ ಆಟದೊಳಗಿನ ಹಾಡೇ ಚೆನ್ನಾಗಿದೆ! ಮತ್ತೆ ಮಾಡಿಕೊಡಿ ಅಂತ ಅರ್ಜಿಗೆ ಹತ್ತು ಸಾವಿರಕ್ಕೂ ಮೀರಿ ಜನ ಸಹಿ ಹಾಕಿದರು. ತಂಡದ ಡ್ರಮ್ಮರ್ ಲಾರ್ಸ್ ಉಲ್ರಿಚ್ ಆ ಸದ್ದನ್ನೇ ಸಮರ್ಥಿಸಿಕೊಂಡ. ಗಮನಿಸಿ, ತಲೆ ಕಡಿಸಿಕೊಂಡದ್ದು ಅವನದೇ ಡ್ರಮ್ಮಿನ ಏಟುಗಳು.

ಅದರ ಮಾಸ್ಟರಿಂಗ್ ಮಾಡಿದವರು ಟೆಡ್ ಜೆನ್ಸನ್ ಅಂತ ಬಹಳ ಹೆಸರಿನ ಕುಶಲಕರ್ಮಿ. ಒಬ್ಬ ಅಭಿಮಾನಿಗೆ ಅವರು ಬರೆದ ಉತ್ತರ ಬಹಿರಂಗವಾಯಿತು. ತನ್ನ ಕೈಗೆ ಬರುವ ಹೊತ್ತಿಗೇ ಮಿಕ್ಸು ಅದುಮಿ ಹೋಗಿತ್ತು ಅನ್ನೋದು ಅದರ ತಾತ್ಪರ್ಯ. ನನಗೆ ಈ ಮನುಷ್ಯನ ಮೇಲೆ ಮರುಕ ಹುಟ್ಟಿತು. ಕೊನೆಯಲ್ಲಿ ನಿಂತವನ ಕೈಗೆ ಕತ್ತಿ ಕೊಟ್ಟು, ಆಮೇಲೆ ಕೊಲೆ ಮಾಡಿದೋನು ಇವನೇ ಅನ್ನೋದು ಎಲ್ಲಾ ಧಣಿಗಳ ಪದ್ಧತಿ. ನಮ್ಮ ಸ್ಟುಡಿಯೋದ ಹುಡುಗನೂ ಅದನ್ನೇ ಅಂದ: 'ಸಾರ್, ಗಟ್ಟಿ ಮಾಡಿಕೊಡ್ಲಿಲ್ಲ ಅಂದ್ರೆ ಇವನಿಗೆ ಕೆಲಸ ಬರಲ್ಲ ಅಂತಾರೆ. ನನಗೂ ಬಾಡಿಗೆ ಕಟ್ಟೋದಿರುತ್ತೆ.' ಅವನನ್ನು ಬೈದು ಏನು ಬಂತು? ಅದೇ ೨೦೦೮ರ ನವೆಂಬರಿನಲ್ಲಿ ಗನ್ಸ್ ಎನ್ ರೋಸಸ್ ತಂಡದ 'ಚೈನೀಸ್ ಡೆಮಾಕ್ರಸಿ' ಬಂತು. ಅದಕ್ಕೆ ಬಾಬ್ ಲಡ್ವಿಗ್ ಅನ್ನುವವರು ಬೇರೆ ಬೇರೆ ಗಟ್ಟಿತನದ ಮೂರು ಪ್ರತಿ ಮಾಡಿ ಮುಂದಿಟ್ಟರಂತೆ. ತಂಡ ಆರಿಸಿಕೊಂಡದ್ದು ಏರಿಳಿತ ಪೂರ್ತಿ ಉಳಿದಿದ್ದನ್ನು. ಮೂರು ಪ್ರತಿ ಮುಂದಿಡೋದು, ಆರಿಸೋ ಹಕ್ಕು ಹಾಡಿದವರಿಗೆ ಕೊಡೋದು. ಇಷ್ಟೇ ನಾವು ಕೇಳೋದು. ಇದಕ್ಕೆ ದೊಡ್ಡ ಬಂಡವಾಳ ಬೇಡ.

ಹಾಗಾದರೆ ಎಲ್ಲರೂ ಯಾಕೆ ಗಟ್ಟಿ ಬೇಕು ಅಂತಾರೆ? ಇದು ಬರೀ ದುರಾಸೆ ಅಲ್ಲ, ಕಿವಿಯ ಗುಣ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ೧೯೩೩ರಲ್ಲೇ ಅಳೆದು ತೋರಿಸಿದ್ದಾರೆ. ಮೆಲ್ಲಗೆ ಕೇಳಿದಾಗ ನಮ್ಮ ಕಿವಿಗೆ ತಗ್ಗಿನ ಸ್ವರ ಸರಿಯಾಗಿ ಹತ್ತುವುದಿಲ್ಲ. ಜೋರು ಮಾಡಿದರೆ ಅದು ತುಂಬಿಕೊಳ್ಳುತ್ತದೆ. ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೆಯದನ್ನು ಒಂದು ಚೂರು ಮಾತ್ರ ಜೋರು ಮಾಡಿ. ಹೆಚ್ಚಿನವರು ಎರಡನೆಯದೇ ಚೆನ್ನಾಗಿದೆ ಅಂತಾರೆ. ಜೋರಾಗಿದೆ ಅನ್ನೋದಿಲ್ಲ, ಚೆನ್ನಾಗಿದೆ ಅಂತಾರೆ. ಅದೇ ಅದರ ಮೋಸ. ನಾನು ಶಾಲೆಯಲ್ಲಿ ಮಕ್ಕಳಿಗೆ ನಮ್ಮ ಎರಡು ಪ್ರತಿ ಹಾಕಿದೆ. ಸುಮ್ಮನೆ ಹಾಕಿದಾಗ ಎಲ್ಲಾ ಕೈ ಮಾಸ್ಟರಿನ ಕಡೆ. ಆಮೇಲೆ ಎರಡೂ ಒಂದೇ ಮಟ್ಟಕ್ಕೆ ಬರೋ ಹಾಗೆ ವಾಲ್ಯೂಮ್ ಸರಿಮಾಡಿ, ಯಾವುದು ಯಾವುದು ಅಂತ ಹೇಳದೆ ಹಾಕಿದೆ. ಒಬ್ಬ ಹುಡುಗಿ ಬಿಟ್ಟು ಎಲ್ಲರೂ ಮಿಕ್ಸಿನ ಕಡೆ ತಿರುಗಿದರು. ಆ ಹುಡುಗಿಯನ್ನು ಯಾಕಮ್ಮ ಅಂತ ಕೇಳಿದೆ. 'ಅದರಲ್ಲಿ ಅಜ್ಜಿ ಪದ ಬುಡುಸ್ಕೊಂಡು ಕೇಳುಸ್ತದೆ ಸಾ' ಅಂದಳು. ಅವಳ ಮಾತಲ್ಲೂ ಹುರುಳಿದೆ. ಬಸ್ಸಿನಲ್ಲಿ, ಹೊಲದಲ್ಲಿ, ಸಣ್ಣ ಫೋನಿನಲ್ಲಿ ಕೇಳುವವರಿಗೆ ಮೆಲುದನಿ ಕೇಳಿಸೋದೇ ಇಲ್ಲ. ಸ್ವಲ್ಪ ಅದುಮೋದು ತಪ್ಪಲ್ಲ, ಅದೂ ಒಂದು ಕಸುಬೇ. ಎಷ್ಟು ಅನ್ನೋದೇ ಜಗಳ.

ಜಗಳ ಮನೆಯಲ್ಲೂ ಆಯಿತು. ಅಣ್ಣನ ಮಗ ಮಾತಿನಲ್ಲಿ ಬಿಡೋನಲ್ಲ. 'ಎಲ್ಲಾ ಸಮ ಮಾಡೋದೇ ನಮ್ ಸಿದ್ಧಾಂತ ಅಲ್ವಾ ಚಿಕ್ಕಪ್ಪ?' ಅಂತ ನಕ್ಕ. ನಾನೂ ನಕ್ಕೆ. ಕೂತವನನ್ನು ಎಬ್ಬಿಸಿ ನಿಲ್ಲಿಸೋದು ಬೇರೆ, ನಿಂತವನ ಕುತ್ತಿಗೆ ಹಿಡಿದು ಕೂರಿಸೋದು ಬೇರೆ ಕಣಪ್ಪ ಅಂದೆ. ಆಮೇಲೆ ಅವನು ನಗದೆ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿದೆ. 'ನಿಮ್ ಕಾಲದಲ್ಲಿ ತಮಟೆ ಸೌಂಡಿಗೆ ಎದುರೇ ಇರ್ಲಿಲ್ಲ. ಈಗ ಪಕ್ಕದಲ್ಲೇ ಅವರ ಡಿಜೆ ಐತೆ. ಒಂದು ಹಾಡು ಮುಗೀತಿದ್ದಂಗೆ ನಮ್ದು ಬತ್ತದೆ, ಬಂದಾಗ ಮೆತ್ತಗೆ ಕೇಳುಸಿದ್ರೆ ಏನಂತಾರೆ? ಇವರಿಗೆ ಕಸುಬು ಬರಲ್ಲ ಅಂತಾರೆ. ಮೆತ್ತಗೆ ಹಾಡಿದ್ರೆ ಸೂಕ್ಷ್ಮ ಅನ್ನಿಸಿಕೊಳ್ಳೋ ಜನ ನಾವಲ್ಲ ಚಿಕ್ಕಪ್ಪ.'

ಇದಕ್ಕೆ ನನ್ನ ಹತ್ತಿರ ಥಟ್ಟಂತ ಉತ್ತರ ಇರಲಿಲ್ಲ. ಲಕ್ಷ ರೂಪಾಯಿಯ ಸ್ಪೀಕರ್ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು, ಏರಿಳಿತ ಸತ್ತುಹೋಯಿತು ಅಂತ ಕಣ್ಣೀರು ಹಾಕುವವರ ಸಾಲಿಗೆ ನಾನು ಸೇರಲಾರೆ. ಅವರಲ್ಲಿ ಹೆಚ್ಚಿನವರು ಹತ್ತಡಿ ದೂರದಿಂದ ತಮಟೆ ಕೇಳಿದವರಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಗಟ್ಟಿ ಸದ್ದು ಅಸಭ್ಯ ಅಲ್ಲ ಅಂತ. ಎದೆ ನಡುಗಿಸೋದು ಅದರ ಗುಣ. ಎರಡು ಗಟ್ಟಿತನವನ್ನು ನಾವು ಬೇರೆ ಮಾಡಿ ನೋಡಬೇಕು. ಗಾಳಿಯಲ್ಲಿರೋ ಗಟ್ಟಿತನ ಒಂದು, ಫೈಲಿನೊಳಗೆ ತುಂಬಿದ ಗಟ್ಟಿತನ ಇನ್ನೊಂದು. ಗಾಳಿಯಲ್ಲಿ ಎಷ್ಟು ಜೋರು ಬೇಕೋ ಅದು ಕೇಳುವವನ ಬೆರಳಲ್ಲಿದೆ, ಗುಂಡಿ ತಿರುಗಿಸಿದರೆ ಆಯಿತು. ಫೈಲಿನಲ್ಲಿ ಕಡಿದು ಹಾಕಿದ ಏಟಿನ ತಲೆಯನ್ನು ಮತ್ತೆ ಅಂಟಿಸೋ ಗುಂಡಿ ಮಾತ್ರ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಅವನ ಪ್ರಶ್ನೆಗೆ ಅರ್ಧ ಉತ್ತರ ಆಮೇಲೆ ಸಿಕ್ಕಿತು. ಸದ್ದನ್ನು ಚೂಪಿನ ಎತ್ತರದಿಂದ ಅಲ್ಲ, ಕಿವಿಗೆ ಎಷ್ಟು ಗಟ್ಟಿ ಅನ್ನಿಸುತ್ತೆ ಅನ್ನೋದರಿಂದ ಅಳೆಯುವ ಒಂದು ಅಳತೆಗೋಲನ್ನು ೨೦೦೬ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೊರಡಿಸಿತು. ೨೦೧೦ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಅದೇ ಗೋಲಿನಲ್ಲಿ ಎಲ್ಲಾ ಕಾರ್ಯಕ್ರಮಗಳಿಗೆ ಮೈನಸ್ ೨೩ ಅನ್ನೋ ಒಂದೇ ಮಟ್ಟ ಗೊತ್ತು ಮಾಡಿತು. ಅದೇ ವರ್ಷ ಅಮೆರಿಕದಲ್ಲಿ ಟಿ.ವಿ. ಜಾಹೀರಾತುಗಳು ಕಾರ್ಯಕ್ರಮಕ್ಕಿಂತ ಅರಚಬಾರದು ಅಂತ ಕಾನೂನೇ ಆಯಿತು, ೨೦೧೨ರ ಡಿಸೆಂಬರಿನಿಂದ ಜಾರಿಗೆ ಬಂತು. ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿಸುವ ಕಂಪನಿಗಳೂ ಇದೇ ದಾರಿ ಹಿಡಿದವು. ಸ್ಪಾಟಿಫೈ ಮಾಮೂಲಾಗಿ ಎಲ್ಲಾ ಹಾಡುಗಳನ್ನೂ ಮೈನಸ್ ೧೪ರ ಹತ್ತಿರಕ್ಕೆ ತರುತ್ತದೆ. ಯೂಟ್ಯೂಬ್ ಹೆಚ್ಚು ಗಟ್ಟಿ ಇರುವುದನ್ನು ಇಳಿಸುತ್ತದೆ.

ಇದರ ಲೆಕ್ಕ ನೋಡಿ. ನಮ್ಮ ಮಾಸ್ಟರ್ ಅಳೆದರೆ ಮೈನಸ್ ೮ ಬಂತು. ಅಲ್ಲಿಗೆ ಹಾಕಿದರೆ ಅದನ್ನು ೬ ಡೆಸಿಬಲ್ ಇಳಿಸುತ್ತಾರೆ, ಅಂದರೆ ಅಲೆಯ ಎತ್ತರ ಅರ್ಧಕ್ಕರ್ಧ. ತಲೆ ಕಡಿಸಿಕೊಂಡು ಮೇಲೇರಿದ್ದು ದಂಡ. ಮೈನಸ್ ೧೪ರಲ್ಲೇ ಬಿಟ್ಟ ಪ್ರತಿಯನ್ನು ಯಾರೂ ಮುಟ್ಟೋದಿಲ್ಲ. ಅದರ ಏಟುಗಳು ತಮ್ಮ ಪೂರ್ತಿ ಎತ್ತರದಲ್ಲಿ ನಿಂತಿರುತ್ತವೆ, ಪಕ್ಕದ ಸಿನಿಮಾ ಹಾಡಿನಷ್ಟೇ ಗಟ್ಟಿ ಕೇಳುತ್ತವೆ, ಬಾರಿಸಿದವನ ಕೈಯೂ ಕಾಣುತ್ತದೆ. ಇದನ್ನು ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಸುಮ್ಮನೆ ನಂಬೋನಲ್ಲ, ತಾನೇ ಎರಡೂ ಹಾಕಿ ಕೇಳಿದ. 'ಹೌದಲ್ಲ' ಅಂದ, ಅಷ್ಟೇ.

ಅರ್ಧ ಉತ್ತರ ಅಂದೆ. ಮಿಕ್ಕ ಅರ್ಧ ಜಾತ್ರೆಯಲ್ಲಿದೆ. ಲಾರಿ ತುಂಬ ಬಾಕ್ಸು ಕಟ್ಟಿಕೊಂಡು ಬರುವವರ ಪೆನ್‌ಡ್ರೈವಿನಲ್ಲಿ ಈ ಯಾವ ಮೈನಸ್ ಹದಿನಾಲ್ಕೂ ಇಲ್ಲ. ಅಲ್ಲಿ ಒಂದು ಹಾಡಿನ ಹಿಂದೆ ಇನ್ನೊಂದು ಇದ್ದ ಹಾಗೇ ಬರುತ್ತದೆ, ಯಾವುದು ಗಟ್ಟಿಯೋ ಅದೇ ಗೆದ್ದಿತು. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ ಅಂತ ೨೦೦೦ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದು ಯಾರ ಜಾತ್ರೆಗೆ ಅನ್ವಯಿಸುತ್ತದೆ, ಯಾರ ಮೆರವಣಿಗೆಗೆ ಅನ್ವಯಿಸುವುದಿಲ್ಲ ಅನ್ನೋದು ಬೇರೆಯೇ ಲೇಖನ.

ಕೊನೆಗೆ ಸ್ಟುಡಿಯೋದ ಹುಡುಗನ ಹತ್ತಿರ ಹೋಗಿ ಕೂತೆವು. ಅಣ್ಣನ ಮಗನೇ ಮಾತಾಡಿದ. ಏಳು ಹಾಡಿಗೆ ಎರಡೆರಡು ಪ್ರತಿ ಮಾಡಿಸಿಕೊಂಡೆವು, ಕೇಳೋದಕ್ಕೆ ಒಂದು, ಲಾರಿಗೆ ಒಂದು. ಲಾರಿಯದನ್ನು ಚೂಪು ಉಳಿಯೋ ಹಾಗೆ ಎಷ್ಟು ಆಗುತ್ತೋ ಅಷ್ಟೇ ಒತ್ತಿಸಿದೆವು. ದೊಡ್ಡವ್ವನ ಹಾಡಿಗೆ ಮಾತ್ರ ಎರಡನೇ ಪ್ರತಿ ಇಲ್ಲ. ಹುಡುಗ ಅದನ್ನು ಲಾರಿಯವರಿಗೆ ಕೊಡುವಾಗ ಒಂದು ಮಾತು ಹೇಳಿ ಕೊಡುತ್ತಾನೆ: 'ಶುರುವಲ್ಲಿ ಏನೂ ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸಬ್ಯಾಡಣ್ಣ, ಕಾಯಿ.' ಕೆಲವರು ಕಾಯುತ್ತಾರೆ. ಕೆಲವರು ಏರಿಸಿಬಿಡುತ್ತಾರೆ, ಆಮೇಲೆ ಹತ್ತು ತಮಟೆ ಬಂದಾಗ ಓಡಿಬಂದು ಇಳಿಸುತ್ತಾರೆ.